ತೂಕದ ಚೀಟಿಗೆ ಕಾಣದ ಕಡ್ಡಿ

ಚಿನ್ನದ ಗಣಿಯೊಳಗೆ ದುಡಿಯುವ ಮುನಿಸ್ವಾಮಪ್ಪ ಕ್ಷಯದ ಮಾತ್ರೆ ಬಿಟ್ಟು ಒಂದು ತಿಂಗಳಾಗಿತ್ತು. ಎರಡು ತಿಂಗಳು ನುಂಗಿದ ಮೇಲೆ ಜ್ವರ ನಿಂತಿತ್ತು, ಕೆಮ್ಮು ತಗ್ಗಿತ್ತು. ಮೂರು ವರ್ಷದ ಮೊಮ್ಮಗಳು ಮತ್ತೆ ಅವನ ಪಕ್ಕದಲ್ಲೇ ಮಲಗತೊಡಗಿದ್ದಳು. ಹೆಂಡತಿ ಮುತ್ಯಾಲಮ್ಮನಿಗೆ ಅದೇ ಭಯ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುವ ವೆಂಕಟರತ್ನಮ್ಮನವರು ಅದೇ ಬೀದಿಯವರು. ಅವರನ್ನು ಮನೆಗೆ ಕರೆತಂದಳು.

ಮುನಿಸ್ವಾಮಪ್ಪ ಜೇಬಿನಿಂದ ಒಂದು ರಟ್ಟಿನ ಚೀಟಿ ತೆಗೆದ. ಬಂಗಾರಪೇಟೆ ಸ್ಟೇಷನ್ನಿನ ತೂಕದ ಯಂತ್ರದಿಂದ ಬಂದದ್ದು.

"ನೋಡಮ್ಮ, ನಾಕು ಕೇಜಿ ಜಾಸ್ತಿ ಆಗಿವ್ನಿ. ಕ್ಷಯ ಅಂದ್ರೆ ಸವೆಯೋದು ಅಂತ ನೀನೇ ಅಲ್ವಾ ಯೋಳಿದ್ದು? ಸವೆಯೋನು ಇಂಗೆ ದಪ್ಪ ಆಯ್ತಾನಾ?"

"ಚೀಟಿ ಹಿಂದ್ಗಡೆ ಭವಿಷ್ಯನೂ ಇರ್ತದಲ್ಲಣ್ಣ, ಅದನ್ನೂ ನಂಬ್ತೀಯಾ?"

"ದೂರ ಪ್ರಯಾಣ ಅಂತ ಬರ್ದದೆ," ಎಂದಳು ಮುತ್ಯಾಲಮ್ಮ.

ವೆಂಕಟರತ್ನಮ್ಮನವರು ಚಾಪೆಯ ಮೇಲೆ ಕುಳಿತರು. "ಕ್ಷಯ ಅನ್ನೋದು ಹಳೇ ವೈದ್ಯರು ಇಟ್ಟ ಹೆಸ್ರು. ಅವ್ರಿಗೆ ಮೈ ಸವೆಯೋದು ಕಾಣ್ತು, ಅಂಗೇ ಕರೆದ್ರು. ಟೀಬಿ ಅಂತೀವಲ್ಲ, ಅದ್ರ ಪೂರ್ತಿ ಹೆಸ್ರು ಟ್ಯುಬರ್ಕ್ಯುಲೋಸಿಸ್. ಟ್ಯುಬರ್ಕಲ್ ಅಂದ್ರೆ ಲ್ಯಾಟಿನ್ ಭಾಷೇಲಿ ಸಣ್ಣ ಗಂಟು. ಸತ್ತವರ ಶ್ವಾಸಕೋಶ ಬಿಚ್ಚಿ ನೋಡಿದೋರಿಗೆ ಆ ಗಂಟು ಕಾಣ್ತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಗಂಟಿನೊಳಗೆ ಕಡ್ಡಿ ಆಕಾರದ ಜೀವಿ. ಅದಕ್ಕೆ ಬ್ಯಾಸಿಲಸ್ ಅಂದ್ರು. ಅಂದ್ರೆ ಪುಟ್ಟ ಕಡ್ಡಿ. ಬ್ಯಾಕ್ಟೀರಿಯಾ ಅನ್ನೋ ಮಾತೂ ಅಷ್ಟೇ, ಗ್ರೀಕ್ ಭಾಷೇಲಿ ಸಣ್ಣ ಕೋಲು."

"ಅಷ್ಟೇನಾ? ಏನೋ ದೊಡ್ಡ ಮಂತ್ರ ಅಂದ್ಕೊಂಡಿದ್ದೆ," ಎಂದ ಮುನಿಸ್ವಾಮಪ್ಪ.

"ಕಂಡಿದ್ದನ್ನ ಕಂಡಂಗೆ ಹೇಳವ್ರೆ, ಅಷ್ಟೇ. ಮೈ ಸವೆಯೋದು ನಿಂತದೆ. ಕಡ್ಡಿ ಹೋಗವಾ ಇಲ್ವಾ ಅಂತ ನೋಡ್ಬೇಕಲ್ಲ."

ಮರುದಿನ ಆಸ್ಪತ್ರೆಯಲ್ಲಿ ಅವರು ಅವನ ಕಫಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮುಂದೆ ಅವನನ್ನೇ ಕೂರಿಸಿದರು. ಎಷ್ಟು ಜನ ಕಾದಿದ್ದರೂ ಅವಸರಪಡಿಸಲಿಲ್ಲ. ನೀಲಿ ಬಯಲಿನಲ್ಲಿ ಇಲ್ಲೊಂದು, ಅಲ್ಲೆರಡು ಕೆಂಪು ಕಡ್ಡಿಗಳು.

ಮುನಿಸ್ವಾಮಪ್ಪ ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ. ಗಣಿಯಲ್ಲಿ ಅವನ ಕೆಲಸ, ಉಳಿದವರು ಒಳಗೆ ಕಾಲಿಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ಸದ್ದು ಕೇಳಿ, ಸಡಿಲವಿದ್ದರೆ ಕೆಡವುವುದು.

"ನೋಡಕ್ಕೆ ಎಷ್ಟೇ ಗಟ್ಟಿ ಇದ್ರೂ ತಟ್ಟದೆ ಯಾರ್ನೂ ಕೆಳಗೆ ನಿಲ್ಸಿಲ್ಲಮ್ಮ ನಾನು," ಎಂದ. "ಮೊಮ್ಮಗೀನ ಮಾತ್ರ ಪಕ್ಕ ಮಲಗಿಸ್ಕೊಂಡೆ."

ಅಂದೇ ವೈದ್ಯರು ಮಾತ್ರೆಗಳನ್ನು ಮತ್ತೆ ಶುರುಮಾಡಿಸಿದರು. ಮಗುವನ್ನೂ ಪರೀಕ್ಷೆ ಮಾಡಿದರು. ದೇವರ ದಯೆ, ಅವಳಿಗೇನೂ ಆಗಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮೈ ತುಂಬಿಕೊಂಡಿತೆಂದು ಮಾತ್ರೆ ಬಿಡಬೇಡಿ. ಸಾಕು ಎಂದು ವೈದ್ಯರು ಹೇಳಬೇಕು, ನಾವಲ್ಲ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅದಕ್ಕೂ ಮಾತ್ರೆಗೂ ಕಾಸು ಕೊಡಬೇಕಿಲ್ಲ. ರೋಗದ ಹೆಸರು ತಿಳಿಯದಿದ್ದರೆ ಹಾಗಂದರೇನು ಎಂದು ನಾಚದೆ ಕೇಳಿ. ಇಲ್ಲಿರುವ ಅರ್ಥಗಳನ್ನು ನಾನೂ ಎರಡೆರಡು ಸಲ ಕೇಳಿಯೇ ಬರೆದಿದ್ದೇನೆ. ನಿಮ್ಮ ಪಕ್ಕದಲ್ಲಿ ಮಲಗುವವರಿಗಾಗಿ ಕೊನೆಯ ಮಾತ್ರೆಯವರೆಗೂ ನುಂಗಿ.