ಕೊನೆಯ ಏಟು

ವೆಲ್ಡಿಂಗ್ ಕೆಲಸ ಮಾಡುವ ನನ್ನ ಅಣ್ಣನ ಮುಖವಾಡದ ಗಾಜಿಗೆ ಬೆಳಿಗ್ಗೆ ನಾನು ತಮಾಷೆಗೆ ಗ್ರೀಸ್ ಬಳಿದಿದ್ದೆ. ಸಂಜೆ ಅವನು ಮನೆಯೊಳಗೆ ಬಂದವನೇ ನನ್ನ ಬಾಯಿಗೆ ಗುದ್ದಿದ. ತುಟಿ ಸೀಳಿ ಒಂದು ಹಲ್ಲು ನೆಲಕ್ಕೆ ಬಿತ್ತು.

"ಬಾರೋ ಹೀರೋ! ಇವತ್ತು ಇಂಟರ್ವಲ್ ಇಲ್ಲ, ಡೈರೆಕ್ಟ್ ಕ್ಲೈಮ್ಯಾಕ್ಸು!" ಎಂದು ನಾನು ಸ್ಟೂಲೆತ್ತಿ ಅವನ ಹೆಗಲಿಗೆ ಬಾರಿಸಿದೆ. ಸ್ಟೂಲಿನ ಕಾಲು ಮುರಿಯಿತು. ಅಣ್ಣ ಗೋಡೆಗೆ ಬಡಿದು ಕುಸಿದ.

ಅಮ್ಮ ಬೈಬಲ್ ಹಿಡಿದುಕೊಂಡೇ ಬಂದಳು. "ಪ್ರಾರ್ಥನೆ ಹೊತ್ತಾಯ್ತು. ಕೊನೇ ಏಟು ಯಾರದ್ರೋ?"

ಜಗಳವಾದ ದಿನ ನಮ್ಮ ಮನೆಯಲ್ಲಿ ಕೊನೆಗೆ ಹೊಡೆದವನೇ ತಪ್ಪೊಪ್ಪಿಕೊಂಡು ಪ್ರಾರ್ಥನೆ ನಡೆಸಬೇಕು.

ನಾನು ಅಣ್ಣನಿಗೆ ಕೆನ್ನೆ ಒಡ್ಡಿದೆ. "ಇನ್ನೊಂದು ಹಾಕೋ. ಆಗ ಕೊನೇದು ನಿಂದೇ ಆಗುತ್ತೆ."

ಅವನು ಹಲ್ಲು ಕಚ್ಚಿ ಮುಷ್ಟಿ ಎತ್ತಿದ. ಆಗ ಕಂಡಿತು: ಮುಷ್ಟಿಗೆ ಬಟ್ಟೆ ಸುತ್ತಿತ್ತು, ಅದರಿಂದ ರಕ್ತನೀರು ಒಸರುತ್ತಿತ್ತು.

"ಏನಾಯ್ತೋ ಕೈಗೆ?"

"ಗಾಜಲ್ಲಿ ಏನೂ ಕಾಣ್ಲಿಲ್ಲ. ಕಾದ ಕಬ್ಬಿಣದ ಮೇಲೆ ಕೈ ಇಟ್ಟುಬಿಟ್ಟೆ," ಎಂದು ಅವನು ನಿಧಾನವಾಗಿ ಮುಷ್ಟಿ ಬಿಚ್ಚಿದ. "ಹೊಡೆಯಲ್ಲ, ಹೋಗೋ. ನೀನೇ ಪ್ರಾರ್ಥನೆ ಶುರು ಮಾಡು."

ನಾನು ಮೊಣಕಾಲೂರಿದೆ. ದೇವರನ್ನು ಕರೆಯುವ ಮೊದಲು, "ಅಣ್ಣಾ, ತಪ್ಪಾಯ್ತು" ಎಂದೆ.