ಮೊದಲು ಬಂದವರ ಆಸಕ್ತಿ

ಕ್ಯಾಲನೂರಿನಾಚೆಯ ಆ ಹೈಸ್ಕೂಲಿನಲ್ಲಿ ಬೆಳಿಗ್ಗೆ ಗೇಟಿನೊಳಗೆ ಯಾರು ಮೊದಲು ಕಾಲಿಡುತ್ತಾರೆ ಎಂಬುದು ರಾಜ್ಯಭಾರದಷ್ಟೇ ಗಹನವಾದ ವಿಷಯವಾಗಿತ್ತು. ಅಂಕ ಕಾಪಿ ಹೊಡೆದೂ ಬರಬಹುದು, ಆಸಕ್ತಿ ಮಾತ್ರ ಕಾಲಲ್ಲೇ ಗೊತ್ತಾಗುತ್ತದೆ ಎಂಬುದು ವಿಜ್ಞಾನದ ಮೇಷ್ಟ್ರು ವೇಣುಗೋಪಾಲ್ ಅವರ ಸಿದ್ಧಾಂತ.

ದಿನವೂ ಮೊದಲು ಬರುವವಳು ಶ್ವೇತ. ಎದುರಿನ ಡೈರಿಗೆ ಹಾಲು ಹಾಕಿದ ಮೇಲೆ ಮತ್ತೆ ಮನೆಗೆ ಹೋಗಿಬರುವುದು ಯಾಕೆಂದು ಕ್ಲಾಸಿನಲ್ಲಿ ಫ್ಯಾನ್ ಹಾಕಿಕೊಂಡು ಕೂರುತ್ತಿದ್ದಳು. ದಿನವೂ ತಡವಾಗಿ ಬರುವವಳು ಜುವೇರಿಯಾ. ಕೆರೆಕಟ್ಟೆಯ ಮೇಲೆ ಎರಡು ಗಾಡಿ ಹಿಡಿಸುವುದಿಲ್ಲ. ಹಾಲಿನ ಟ್ಯಾಂಕರ್ ದಾಟುವ ತನಕ ಅವಳ ಬಸ್ಸು ಆಚೆಯೇ ನಿಲ್ಲಬೇಕು.

ಕೋಲಾರದ ವಿಜ್ಞಾನ ಮೇಳಕ್ಕೆ ಒಬ್ಬರನ್ನು ಕಳಿಸಬೇಕಾಗಿತ್ತು. ಜುವೇರಿಯಾ ರಜೆಯೆಲ್ಲ ಕೂತು ರಟ್ಟಿನ ಸೋಲಾರ್ ಒಲೆ ಮಾಡಿದ್ದಳು.

"ಸಾರ್, ನಾನ್ ಹೋಗ್ತೀನಿ ಸಾರ್. ಮೊಟ್ಟೆ ಬೇಯ್ತದೆ ಇದ್ರಲ್ಲಿ."

"ಮೊಟ್ಟೆ ಬೇಯೋದಿರ್ಲಿ. ನೀನು ಮೊದ್ಲು ಟೈಮಿಗೆ ಬಾರಮ್ಮ. ಶ್ವೇತ ಹೋಗ್ತಾಳೆ."

"ನನ್ನತ್ರ ಮಾಡೆಲ್ಲೇ ಇಲ್ವಲ್ಲ ಸಾರ್," ಎಂದಳು ಶ್ವೇತ.

"ಆಸಕ್ತಿ ಇದೆಯಲ್ಲ, ಮಾಡೆಲ್ ತಾನಾಗೇ ಬರುತ್ತೆ."

ಹೆಸರು ಕಳಿಸುವ ಕಡೆಯ ದಿನ ಟ್ಯಾಂಕರ್ ಕೋಲಾರದಲ್ಲೇ ಕೆಟ್ಟು ನಿಂತಿತು. ಡೈರಿಯ ತೊಟ್ಟಿ ಖಾಲಿಯಾಗದೆ ಶ್ವೇತ ಕ್ಯಾನು ಹಿಡಿದು ಸಾಲಿನಲ್ಲಿ ಉಳಿದಳು. ಕಟ್ಟೆ ಖಾಲಿಯಿದ್ದದ್ದರಿಂದ ಬಸ್ಸು ನಿಲ್ಲದೆ ಬಂತು. ಗೇಟಿನೊಳಗೆ ಮೊದಲು ಕಾಲಿಟ್ಟವಳು ಜುವೇರಿಯಾ.

ಮೇಷ್ಟ್ರು ಗೇಟಿನ ಕಡೆಯೂ ಡೈರಿಯ ಸಾಲಿನ ಕಡೆಯೂ ನೋಡಿದರು. ಸ್ಟಾಫ್ ರೂಮಿನಲ್ಲಿ, "ಒಬ್ಳಿಗೆ ಆಸಕ್ತಿ ಇಳೀತು, ಒಬ್ಳಿಗೆ ಏರ್ತು. ಹೆಸರು ಬದಲಾಯಿಸ್ತೀನಿ," ಎಂದರು.

ಹೆಡ್ ಮೇಡಂ ಭಾರತಮ್ಮ ಟೀ ಲೋಟ ಕೆಳಗಿಟ್ಟರು. "ಟ್ಯಾಂಕರ್ ಬಂದಿಲ್ಲ ಕಣ್ರೀ ಮೇಷ್ಟ್ರೇ, ಅಷ್ಟೇ."

"ಟ್ಯಾಂಕರ್‌ಗೂ ವಿಜ್ಞಾನಕ್ಕೂ ಏನ್ ಮೇಡಂ ಸಂಬಂಧ?"

"ಏನೂ ಇಲ್ಲ. ಹೆಸರು ಬೇಗ ಕಳ್ಸಿ," ಎಂದು ಭಾರತಮ್ಮ ಲೋಟ ಎತ್ತಿಕೊಂಡರು. ರಿಪೇರಿಯಾದ ಟ್ಯಾಂಕರ್ ನಾಳೆ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಮೇಳದಲ್ಲಿ ಮೊಟ್ಟೆ ಬೆಂದಿತು. ಜುವೇರಿಯಾಗೆ ಎರಡನೇ ಬಹುಮಾನ ಬಂತು. ಆಸಕ್ತಿಯನ್ನು ಗುರುತಿಸುವ ಕಣ್ಣು ಬೇಕು ಎಂದು ವೇಣುಗೋಪಾಲ್ ಪ್ರಾರ್ಥನೆಯ ವೇಳೆ ಮಕ್ಕಳಿಗೆಲ್ಲ ಹೇಳಿದರು. ಆ ಮಾತು ಜುವೇರಿಯಾಗೆ ಕೇಳಿಸಲಿಲ್ಲ. ಅವಳ ಬಸ್ಸು ಇನ್ನೂ ಕಟ್ಟೆಯ ಆಚೆ ನಿಂತಿತ್ತು.

ಬಹುಮಾನ ಬಂದಮೇಲೆ ಹುಡುಗಿಗೆ ಆಸಕ್ತಿ ಕಡಿಮೆಯಾಗಿದೆ ಎಂದು ಮೇಷ್ಟ್ರು ತೀರ್ಮಾನಿಸಿದರು. ಮುಂದಿನ ವರ್ಷದ ಮೇಳಕ್ಕೆ ಶ್ವೇತ ಆಯ್ಕೆಯಾದಳು.