ನನ್ನ ಬೊಜ್ಜದ ಊಟ

ನಾನು ಸತ್ತರೆ ನನ್ನ ಬೊಜ್ಜ ಮಾಡುವುದಿಲ್ಲ ಎಂದು ಮಗ ಯೋಗೀಶ ಹೇಳಿದಾಗ ನಾನು ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ಕ್ಯಾಂಟೀನಿನಲ್ಲಿ ಚಪಾತಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ನಿಂತಿದ್ದೆ. ಎರಡು ವರ್ಷದ ಮೇಲೆ ಅವನು ಮಾಡಿದ ಮೊದಲ ಫೋನು ಅದು.

ಬೊಜ್ಜ ಅಂದರೆ ನಮ್ಮ ತುಳುವರಲ್ಲಿ ಸತ್ತವರ ಉತ್ತರಕ್ರಿಯೆ. ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಅವರು ನಿಶ್ಚಿಂತೆಯಿಂದ ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಆಮೇಲೆ ಬಂದವರಿಗೆಲ್ಲ ಊಟ. ಅದೂ ಇಲ್ಲದೆ ಹೋಗುವುದೆಂದರೆ ದಿಕ್ಕಿಲ್ಲದವಳಾಗಿ ಹೋದ ಹಾಗೆ. ನಾನು ಹೆದರಿದ್ದು ಸುಳ್ಳಲ್ಲ.

ಜಗಳ ಶುರುವಾದದ್ದು ಈ ಚಪಾತಿಯಿಂದಲೇ. ನನ್ನ ಗಂಡ ದೇಜಪ್ಪ ತೀರಿಕೊಂಡ ಮೇಲೆ, ಕ್ಯಾಂಟೀನು ಬಿಟ್ಟು ಕಾಮೋಠೆಯ ತನ್ನ ಮನೆಗೆ ಬಂದು ತೆಪ್ಪಗಿರು ಎಂದ ಯೋಗೀಶ. ಅವನ ಹೆಂಡತಿಯ ಮನೆಯವರೆದುರು ನನ್ನ ಕೆಲಸ ಹೇಳಿಕೊಳ್ಳಲು ಅವನಿಗೆ ನಾಚಿಕೆ. ಮಗಳು ರಮಿತಾ ಅಣ್ಣನ ಮಾತಿಗೆ ತಾಳ ಹಾಕಿದಳು. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಇದೇ ಚಪಾತಿ ತಿಂದು ಬೆಳೆದ ಮೈ ನಿಮ್ಮದು, ಅದನ್ನೂ ಬಿಚ್ಚಿಟ್ಟು ಹೋಗಿ ಎಂದೆ. ಹೋದರು. ದೀಪಾವಳಿಗೂ ಇಬ್ಬರೂ ಫೋನು ಮಾಡಲಿಲ್ಲ.

ನನ್ನ ಜೊತೆ ಅಡುಗೆ ಮಾಡುವ ಬಾಗಿ ಒಂದು ಭಾನುವಾರ ನನ್ನನ್ನು ಕನ್ನಡ ಪ್ರಾರ್ಥನೆಗೆ ಎಳೆದುಕೊಂಡು ಹೋದಳು. ಡೊಂಬಿವಲಿಯ ಒಂದು ಟ್ಯೂಷನ್ ಕ್ಲಾಸಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ಕಲಬುರಗಿ ಕಡೆಯ ಪಾಸ್ಟರ್ ಶಂಕ್ರೆಪ್ಪ ಓದುತ್ತಿದ್ದರು. ಯೇಸುವಿಗೆ ತಲೆ ಕೆಟ್ಟಿದೆ ಎಂದು ಅವನ ಮನೆಯವರೇ ಹಿಡಿದು ತರಲು ಹೋದರಂತೆ. ತೂಕಡಿಸುತ್ತಿದ್ದ ನಾನು ನೆಟ್ಟಗೆ ಕೂತೆ. ಮನೆಯವರಿಂದಲೇ ಹುಚ್ಚ ಅನ್ನಿಸಿಕೊಂಡವನ ಹತ್ತಿರ ನನಗೆ ಮಾತಾಡಲಿಕ್ಕಿತ್ತು. ಸುತ್ತ ಕೂತವರನ್ನೇ ನೋಡಿ ಇವರೇ ನನ್ನ ತಾಯಿ, ಇವರೇ ನನ್ನ ಅಣ್ಣತಮ್ಮಂದಿರು ಎಂದನಂತೆ ಅವನು. ಬಾಗಿ ನನ್ನ ಕೈ ಹಿಡಿದಳು. ನಾನು ನಾಚಿಕೆ ಬಿಟ್ಟು ಅತ್ತೆ. ಮಕ್ಕಳನ್ನು ಕರೆದುಕೊಂಡು ಬಾ ಎಂದು ಯೇಸುವನ್ನು ಬೇಡಲಿಲ್ಲ. ಅವರು ಬಾರದಿದ್ದರೆ ಬೇಡ, ನೀನು ಮಾತ್ರ ಎದ್ದು ಹೋಗಬೇಡ ಎಂದೆ. ಆ ರಾತ್ರಿ ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳದೆ ಮಲಗಿದೆ. ನಿದ್ದೆ ಬಂತು.

ಆ ಸುದ್ದಿ ಕಾಮೋಠೆಗೆ ಮುಟ್ಟಿ ಈಗ ಫೋನು ಬಂದಿತ್ತು.

"ಮಮ್ಮಿ, ನೀನು ಆ ಪ್ರಾರ್ಥನೆಗೆ ಹೋಗ್ತೀಯಂತೆ. ಸಚ್ ಹೈ ಕ್ಯಾ?"

"ಹೌದು. ನೀನು ಹೇಗಿದ್ದಿ ಮಗಾ?"

"ಅದನ್ನು ಬಿಡು. ಬಂದ್ ಕರ್. ಇಲ್ಲದಿದ್ರೆ ನಾಳೆ ನಿನ್ನ ಬೊಜ್ಜಕ್ಕೆ ನಾನು ಬರುದಿಲ್ಲ. ಮಾಡುದೂ ಇಲ್ಲ."

"ಎರಡು ವರ್ಷದಲ್ಲಿ ನಾನು ಬದುಕಿದ್ದೇನಾ ಅಂತ ಕೇಳ್ಲಿಲ್ಲ ನೀನು. ಸತ್ತ ಮೇಲಿನ ವಿಚಾರ ಮಾತ್ರ ನಿಂಗೆ ಬೇಕಾ?" ಎಂದೆ. ಫೋನು ಇಟ್ಟ.

ಸಂಜೆಯವರೆಗೂ ಕುದಿದೆ. ಆಮೇಲೆ ದೇಜಪ್ಪನ ಬೊಜ್ಜ ನೆನಪಾಯಿತು. ಜೀವಮಾನದಲ್ಲಿ ಪನೀರ್ ಮುಟ್ಟದ ಮನುಷ್ಯನ ಎಲೆಗೆ ಯೋಗೀಶ ಕೇಟರಿಂಗಿನವರಿಂದ ಪನೀರ್ ಮಸಾಲ ಹಾಕಿಸಿದ್ದ! ಇವನು ಮಾಡಿದರೂ ನನಗೆ ಸಿಗುವುದು ಅದೇ ಪನೀರ್. ಅದಕ್ಕಿಂತ ನನ್ನ ಬೊಜ್ಜವನ್ನು ನಾನೇ ಮಾಡಿಕೊಂಡು ಬಿಸಿಬಿಸಿ ಉಣ್ಣುವುದು ಮೇಲು ಅನ್ನಿಸಿತು.

ಹೋಗಿ ಹೇಳಿದಾಗ ಪಾಸ್ಟರ್ ತಲೆ ಕೆರೆದುಕೊಂಡರು. "ಅಮ್ಮಾರ, ನಮ್ಮೊಳಗ ಇಂಥಾದ್ದು ನಡಿಯೂದಿಲ್ರೀ. ಅದೂ ಜೀವಂತ ಇದ್ದಾಗ?"

"ನಿಮ್ಮ ಸ್ವಾಮಿಯೂ ಸಾಯುವ ಮುಂಚೆಯೇ ಅಲ್ವಾ ಪಾಸ್ಟರೇ ಎಲ್ಲರನ್ನೂ ಕೂರಿಸಿ ಊಟ ಕೊಟ್ಟದ್ದು? ನನ್ನನ್ನು ನೆನೆಸಿಕೊಳ್ಳಿ ಅಂತ ಹೇಳಿದ್ದೂ ಆಗಲೇ ಅಲ್ವಾ?"

ಅವರು, "ಊಟಕ್ಕ ಬರ್ತೀನ್ರೀ. ಪೂಜಿ ಗೀಜಿ ಇರಬಾರದು ನೋಡ್ರೀ" ಎಂದರು.

ಡೊಂಬಿವಲಿ ಪಕ್ಕದ ಠಾಕುರ್ಲಿಯ ನನ್ನ ಕೋಣೆಗೆ ಪ್ರಾರ್ಥನೆಯವರನ್ನೆಲ್ಲ ಕರೆದೆ. ಊರಿನ ಸಂಬಂಧದ, ಕಾಮೋಠೆಯಲ್ಲಿ ಹೋಟೆಲಿಟ್ಟಿರುವ ಮುರಾರಿಗೂ ಫೋನು ಮಾಡಿ, ಭಾನುವಾರ ಲೋಲಾಕ್ಷಿಯ ಬೊಜ್ಜ, ಊಟಕ್ಕೆ ಬಾ ಎಂದು ನನ್ನ ಹೆಸರು ಹಿಡಿದೇ ಕರೆದೆ. ಅವನು ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ಎಣಿಸುತ್ತಿದ್ದ. ಗಿರಾಕಿಗಳ ಗದ್ದಲದ ನಡುವೆ ಆಯ್ತಕ್ಕ ಆಯ್ತಕ್ಕ ಎಂದ. ಯಾರು ಮಾತಾಡಿದ್ದೆಂದು ಆ ಪುಣ್ಯಾತ್ಮ ನೋಡಿರಲೇ ಇಲ್ಲ. ಭಾನುವಾರ ಬೆಳಗ್ಗೆ ಊರವರ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರ, ದೀಪದ ಚಿತ್ರದ ಜೊತೆ ಹಾಕಿದ: ಇಂದು ಠಾಕುರ್ಲಿಯಲ್ಲಿ ಲೋಲಾಕ್ಷಿ ಅಕ್ಕನ ಬೊಜ್ಜ.

ನನಗೆ ಇದೊಂದೂ ಗೊತ್ತಿಲ್ಲ. ಪ್ರಾರ್ಥನೆಗೆಂದು ಸೈಲೆಂಟ್ ಮಾಡಿದ್ದ ಫೋನನ್ನು ಮರೆತೇಬಿಟ್ಟಿದ್ದೆ. ಮಧ್ಯಾಹ್ನ ಬಾಳೆಲೆ ಹಾಕಿ ನನ್ನ ಇಷ್ಟದ್ದನ್ನೆಲ್ಲ ಬಡಿಸಿಕೊಂಡೆ. ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಕಡಲೆಬೇಳೆ ಪಾಯಸ. ಪಾಸ್ಟರ್ ಚಿಕ್ಕದಾಗಿ ಪ್ರಾರ್ಥಿಸಿದರು. ಬಾಗಿಲು ಮುಚ್ಚಲೇ ಎಂದು ಬಾಗಿ ನಗುತ್ತ ಕೇಳಿದಳು. "ತೆರೆದೇ ಇರ್ಲಿ, ನಂಗೆಂತ ನಾಚಿಕೆ?" ಎಂದೆ.

ತೆರೆದ ಬಾಗಿಲಲ್ಲಿ ಯೋಗೀಶ ಬಂದು ನಿಂತ. ಕಣ್ಣು ಕೆಂಪಾಗಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದ, ಕಂಕುಳಲ್ಲಿ ಬಟ್ಟೆ ಅಂಗಡಿಯ ಚೀಲ. ನಾನು ರೊಟ್ಟಿ ಮುರಿಯುತ್ತಿದ್ದೆ. ನನ್ನನ್ನು ನೋಡಿ "ಅಮ್ಮಾ" ಎಂದ. ಮಮ್ಮಿ ಅಲ್ಲ, ಅಮ್ಮಾ. ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ. ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

ನಾನು ಎದ್ದು ಹೋಗಿ ಬೆನ್ನ ಮೇಲೆ ಕೈಯಿಟ್ಟೆ. ಮುರಾರಿ ಮಾಡಿದ ಅವಾಂತರ ಆಗ ತಿಳಿಯಿತು. ನಾನು ಬದುಕಿರುವುದು ಖಾತ್ರಿಯಾದ ಮೇಲೆ ಯೋಗೀಶನಿಗೆ ಸಿಟ್ಟು ಬಂತು. ಸುತ್ತ ಕೂತವರನ್ನು ನೋಡಿದ, ಪಾಸ್ಟರನ್ನು ನೋಡಿದ.

"ಏ ಕ್ಯಾ ನಾಟಕ್ ಹೈ? ರಮಿತಾ ಅಲ್ಲಿ ಅತ್ತು ಅತ್ತು ಮಲಗಿದ್ದಾಳೆ."

"ಬೊಜ್ಜಕ್ಕೆ ಬರುದಿಲ್ಲ ಅಂದಿದ್ದೆ. ಬಂದೆಯಲ್ಲ."

ಅವನು ಕಣ್ಣೊರೆಸಿಕೊಂಡ. ದನಿ ತಗ್ಗಿಸಿದ. "ಹಿಂದಿನದೆಲ್ಲ ಬಿಡುವ ಅಮ್ಮಾ. ಈಗಲೇ ಹೊರಡು, ಟ್ಯಾಕ್ಸಿ ಕೆಳಗೆ ನಿಂತಿದೆ. ಮಕ್ಕಳು ಅಜ್ಜಿ ಅಂತ ಕೇಳ್ತಾವೆ. ಇವರ ಸಂಗ ಮಾತ್ರ ಬಿಡು."

ಎರಡು ವರ್ಷ ನಾನು ಕಾದದ್ದು ಇದೇ ಮಾತಿಗೆ. ಹೋಗಿಬಿಡಲೇ ಅನ್ನಿಸಿತು. ಚಪ್ಪಲಿ ಪಕ್ಕದಲ್ಲೇ ಇತ್ತು. ಆದರೆ ನೀನು ಮಾತ್ರ ಎದ್ದು ಹೋಗಬೇಡ ಎಂದು ಬೇಡಿಕೊಂಡವಳು ನಾನು. ಯೇಸು ಹೋಗಿರಲಿಲ್ಲ. ಈಗ ನಾನು ಎದ್ದು ಹೋದರೆ?

"ನಿನ್ನ ಮನೆಗೆ ಬರ್ತೇನೆ ಮಗಾ. ಇವತ್ತೇ ಬೇಕಾದ್ರೂ ಬರ್ತೇನೆ. ಭಾನುವಾರ ಪ್ರಾರ್ಥನೆಗೂ ಹೋಗ್ತೇನೆ. ಎರಡೂ ಆಗ್ತದೆ ಅಂದ್ರೆ ಹೇಳು, ಹೊರಡುವ."

"ಎರಡೂ ಆಗುದಿಲ್ಲ."

"ಹಾಗಾದ್ರೆ ನನ್ನ ಬೊಜ್ಜದ ಊಟ ನಾನೇ ಉಂಡಾಯ್ತು. ಅದರ ಹೆದರಿಕೆ ಇನ್ನು ನನಗೆ ಹಾಕ್ಬೇಡ. ಬರುದಾದ್ರೆ ನಾನು ಬದುಕಿರುವಾಗ ಬಾ. ಈಗ ಒಳಗೆ ಬಂದು ಊಟ ಮಾಡು."

ಅವನು ಒಳಗೆ ಬರಲಿಲ್ಲ. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿದ, ಆಮೇಲೆ ಇಳಿದ. ನಾನು ಎಲೆಯ ಮುಂದೆ ಕೂತು ಅಳುತ್ತಲೇ ಉಂಡೆ. ಪಾಯಸವನ್ನೂ ಬಿಡಲಿಲ್ಲ.

ಚೀಲ ಹೊಸ್ತಿಲ ಹತ್ತಿರವೇ ಉಳಿದಿತ್ತು. ನನ್ನ ಎಲೆಯ ಪಕ್ಕದಲ್ಲಿಡಲು ತಂದ ಸೀರೆ. ಬದನೆಕಾಯಿ ಬಣ್ಣ, ಸಣ್ಣ ಜರಿಯಂಚು. ನನಗೆ ಯಾವ ಬಣ್ಣ ಇಷ್ಟವೆಂದು ಯೋಗೀಶನಿಗೆ ಗೊತ್ತಿದೆಯೆಂದು ನಾನು ಅಂದುಕೊಂಡಿರಲೇ ಇಲ್ಲ.

ಮುಂದಿನ ಭಾನುವಾರ ಅದನ್ನೇ ಉಟ್ಟುಕೊಂಡು ಪ್ರಾರ್ಥನೆಗೆ ಹೋದೆ. ಪಕ್ಕದ ಕುರ್ಚಿಯಲ್ಲಿ ಕೂತ ಹೊಸ ಹೆಂಗಸೊಬ್ಬಳು ಸೆರಗು ಮುಟ್ಟಿ ನೋಡಿ, ಒಳ್ಳೆಯ ಸೀರೆ, ಯಾರು ಕೊಟ್ಟದ್ದು ಎಂದು ಕೇಳಿದಳು.

"ನನ್ನ ಮಗ" ಎಂದೆ.